ಗಿಳಿಯ ಕುತ್ತಿಗೆಯ ಬೇರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಅರಮನೆಯ ಮಹಡಿಯ ಮೇಲೆ ಕಳೆಯಕ್ಕ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ತಲೆಯಿಲ್ಲದ ಕಲ್ಲಿನ ಗಿಳಿ. ಅದರ ಕುತ್ತಿಗೆಯ ಬಿರುಕಿಗೆ ಬ್ಯಾಟರಿ ಬಿಟ್ಟು ಇಣುಕುತ್ತಾರೆ. "ಇವತ್ತೂ ಚಿಗುರಿಲ್ಲ," ಎಂದು ಗಿಳಿಯ ಬೆನ್ನು ತಟ್ಟಿ ಏಳುತ್ತಾರೆ.

ಗೇಟಿನಲ್ಲಿ 'ಸಂರಕ್ಷಿತ ಸ್ಮಾರಕ' ಎಂಬ ಫಲಕವೇನೋ ಇದೆ. ಹಕ್ಕಿಗಳಿಗೆ ಓದಲು ಬರುವುದಿಲ್ಲವಲ್ಲ! ಹಣ್ಣು ತಿಂದು ಬೀಜ ಉದುರಿಸುತ್ತವೆ. ಕಲ್ಲಿನ ಸಂದಿಯಲ್ಲಿ ಆಲ ಮೊಳೆಯುತ್ತದೆ. ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಎರಡೆಲೆ ಕಂಡಾಗಲೇ ಚಿವುಟಿ ತೆಗೆಯುವುದು ಇವರ ಕೆಲಸ. ಕಾವಲುಗಾರನಿಂದ ಅಧಿಕಾರಿಯವರೆಗೆ ಎಲ್ಲರಿಗೂ ಅವರು ಕಳೆಯಕ್ಕ.

ಮೂರು ವರ್ಷದ ಹಿಂದೆ ಯಾರೋ ದೊಡ್ಡವರು ಬರುತ್ತಾರೆಂದು ಎಲ್ಲರಿಗೂ ಅವಸರ. ಗಿಳಿಯ ಕುತ್ತಿಗೆಯಲ್ಲಿ ಗೇಣುದ್ದದ ಸಸಿ. ಗಿಳಿಯ ನೆಂಟರೇ ಬೀಜ ಉದುರಿಸಿದ್ದಿರಬೇಕು. ಕಳೆಯಕ್ಕ ಎರಡೂ ಕೈಯಲ್ಲಿ ಹಿಡಿದು ಎಳೆದೇಬಿಟ್ಟರು. ಸಸಿಯ ಜೊತೆ ತಲೆಯೂ ಬಂತು, ಬೇರು ಮಾತ್ರ ಒಳಗೇ ಉಳಿಯಿತು.

"ಆ ತಲೆ ಕೈಯಲ್ಲಿ ಹಿಡ್ಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ. ಅಷ್ಟು ವರ್ಷದ ಗಾಳಿ ಮಳೆ ಏನೂ ಮಾಡಿರಲಿಲ್ಲ, ನಾನು ಮಾಡ್ದೆ."

ಅಧಿಕಾರಿ ಬೈಯಲಿಲ್ಲ. ತಲೆಯನ್ನು ಹತ್ತಿಯಲ್ಲಿ ಸುತ್ತಿ ಉಗ್ರಾಣದಲ್ಲಿಟ್ಟರು. ಬೇರು ಬದುಕಿರುವಾಗ ತಲೆ ಕೂರಿಸಿದರೆ ಮತ್ತೆ ಒಡೆಯುತ್ತದೆ, ಔಷಧಿ ಹಾಕಿದರೆ ಕಲ್ಲಿಗೆ ಕಲೆ. ಚಿಗುರಿದಂತೆಲ್ಲ ಚಿವುಟಿ, ಬೇರನ್ನು ಹಸಿವಿನಿಂದ ಸಾಯಿಸುವ ದಾರಿಯನ್ನು ಅವರೇ ಹೇಳಿಕೊಟ್ಟರು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡೆ. ಈಗ ಕೊಡಲಿಗೂ ಹೋಗದ್ದನ್ನ ಉಗುರಲ್ಲಿ ತೆಗೀತಿದೀನಿ," ಎಂದು ನಗುತ್ತಾರೆ ಕಳೆಯಕ್ಕ.

ಅಂದಿನಿಂದ ಭಾನುವಾರವೂ ರಜೆಯಿಲ್ಲ. ಗಂಡ ದರ್ಜಿ, ಹೆಂಡತಿಯನ್ನು ಕೆಣಕದಿದ್ದರೆ ಅವರಿಗೆ ಟೀ ಇಳಿಯುವುದಿಲ್ಲ. "ನಮ್ಮ ಹಿತ್ತಲಲ್ಲಿ ಮಂಡಿಯುದ್ದ ಹುಲ್ಲು. ಇವಳು ಅರಮನೆ ಕಳೆ ಕೀಳೋಕೆ ಹೋಗ್ತಾಳೆ. ದೀಪದ ಕೆಳಗೇ ಕತ್ತಲು ನೋಡಿ!" ಕಲ್ಲಿನ ಮೇಲೆ ಮಂಡಿಯೂರುವಾಗ ನೋಯದಿರಲೆಂದು ಹತ್ತಿ ತುಂಬಿದ ಪಟ್ಟಿ ಹೊಲಿದುಕೊಟ್ಟವರೂ ಈ ಮಹಾಶಯರೇ.

ಬರುವ ವರ್ಷ ಕಳೆಯಕ್ಕನಿಗೆ ನಿವೃತ್ತಿ. ಈ ಮಳೆಗಾಲ ಮುಗಿಯುವವರೆಗೆ ಚಿಗುರದಿದ್ದರೆ ತಲೆ ಕೂರಿಸುವುದಾಗಿ ಅಧಿಕಾರಿ ಮಾತು ಕೊಟ್ಟಿದ್ದಾರೆ. ಒಂದೇ ಒಂದು ಎಲೆ ಬಂದರೂ ಮತ್ತೆ ಕಾಯಬೇಕು, ಅಷ್ಟರಲ್ಲಿ ಇವರು ಮನೆ ಸೇರಿರುತ್ತಾರೆ. ಮಳೆಗಾಲ ಅರ್ಧ ಕಳೆದಿದೆ, ಬಿರುಕು ಇನ್ನೂ ಬೋಳಾಗಿಯೇ ಇದೆ. ಸುಳ್ಳೇಕೆ ಹೇಳಲಿ, ಇವರ ಕೆಲಸ ನೋಡಲೆಂದು ಬಂದು ಬಿರುಕಿಗೆ ಬಗ್ಗಿ ನೋಡಿದ ನನಗೂ ಆಸೆ ಹುಟ್ಟಿದೆ.

ಗೇಟು ತೆರೆಯುತ್ತದೆ. ಪ್ರವಾಸಿಗರನ್ನು ಕರೆತಂದ ಗೈಡ್ ಗಿಳಿಯ ಮುಂದೆ ನಿಂತು, ಶತ್ರು ಸೈನಿಕರು ಕತ್ತಿ ಬೀಸಿ ಅದರ ತಲೆ ಹಾರಿಸಿದ ಕಥೆಯನ್ನು ರೋಷದಿಂದ ಹೇಳುತ್ತಾನೆ. ಮೂಲೆಯಲ್ಲಿ ಕಳೆ ಕೀಳುತ್ತಿದ್ದ ಕಳೆಯಕ್ಕ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು, ನನ್ನತ್ತ ತಿರುಗುತ್ತಾರೆ.

"ಹೇಳ್ಲಿ ಬಿಡಿ, ಪಾಪ. ತಲೆ ಕೂತ ದಿನ ನಾನೂ ಆ ಗುಂಪಲ್ಲಿ ನಿಂತ್ಕೋತೀನಿ. ಆಮೇಲೆ ಅವನಿಗೆ ಹೇಳ್ತೀನಿ, ಆ ಶತ್ರು ಸೈನ್ಯ ನಾನೇ ಕಣಪ್ಪಾ, ಈಗ ಗಿಳೀಗೂ ನನಗೂ ರಾಜಿ ಆಗಿದೆ ಅಂತ."