ರಾಹುಕಾಲ ಮತ್ತು ಕ್ಲಚ್ ಪ್ಲೇಟು

ನಿನ್ನೆ ಹಿಂದೂಪುರದ ರೈಲ್ವೆ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಗೂಡ್ಸ್ ಗಾಡಿ ಹೋಗುವುದನ್ನು ಕಾಯುತ್ತಿದ್ದೆ. ಗೇಟು ತೆಗೆದರು. ನನ್ನ ಮುಂದಿದ್ದ ಕಾರು ಹಳಿಯ ಏರು ಹತ್ತಲಾರದೆ ಗುರ್ರೆಂದಿತು, ಅದರ ಹಿಂದೆಯೇ ಒಂದು ವಾಸನೆ ಬಂತು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡು ಏನೋ ವೈರು ಸುಟ್ಟಿದೆ ಅಂದರು. ವೈರಲ್ಲ, ಅದು ಕ್ಲಚ್ ಸುಡುವ ವಾಸನೆ. ಬೇರೆ ಯಾವ ವಿಷಯದಲ್ಲಿ ನನ್ನ ಮಾತು ನಂಬದಿದ್ದರೂ ಇದೊಂದರಲ್ಲಿ ನೀವು ಕಣ್ಣು ಮುಚ್ಚಿಕೊಂಡು ನಂಬಬಹುದು. ಒಂದು ಕಾಲಕ್ಕೆ ಸಂಜೆಯಾದರೆ ನಮ್ಮ ಮನೆಯ ಮುಂದೆ ಊದುಬತ್ತಿಗಿಂತ ಮೊದಲು ಈ ವಾಸನೆಯೇ ಏಳುತ್ತಿತ್ತು.

ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಪರಿಗಿ, ಲೇಪಾಕ್ಷಿ ಕಡೆಯ ರೈತರು ಸುಟ್ಟ ಮೋಟಾರನ್ನು ಹೊತ್ತು ತಂದಾಗ "ಓಲ್ಟೇಜು ನೋಡ್ದೆ ಯಾಕಪ್ಪ ಆನ್ ಮಾಡ್ದೆ?" ಎಂದು ಗದರುವುದು ನನ್ನ ಕಸುಬಿನ ಒಂದು ಭಾಗ. ಹೀಗೆ ಗದರಿ ಗದರಿ, ತಿರುಗುವ ವಸ್ತು ಯಾವುದಿದ್ದರೂ ಅದರ ಹೊಟ್ಟೆಯೊಳಗಿನದು ನನಗೆ ಗೊತ್ತು ಎಂಬ ನಂಬಿಕೆ ಬೆಳೆದುಬಿಟ್ಟಿತ್ತು. ಆದ್ದರಿಂದ ಕಾರು ತಂದಾಗ ಅದರ ಜೊತೆ ಕೊಟ್ಟ ಪುಸ್ತಕವನ್ನು ನಾನು ತೆರೆಯಲಿಲ್ಲ. ಕಲಿಸಲು ಬಂದ ಡ್ರೈವರಿಗೂ ನಾನೇ ಅರ್ಧ ಪಾಠ ಹೇಳಿ ಕಳಿಸಿದೆ.

ನಮ್ಮಪ್ಪ ಪರಿಗಿಯ ಹತ್ತಿರದ ಹಳ್ಳಿಯವರು, ಎತ್ತಿನ ಬಂಡಿ ಹೊಡೆದವರು. ಅವರದ್ದೊಂದು ಕಟ್ಟಳೆಯಿತ್ತು. ಒಳ್ಳೆಯ ಕೆಲಸಕ್ಕೆ ಹೊರಟ ಬಂಡಿ ಮನೆ ಮುಂದೆ ಹಿಂದಕ್ಕೆ ಸರಿಯಬಾರದು. ಅದಕ್ಕಾಗಿ ಹಿಂದಿನ ದಿನವೇ ನೊಗದ ಕಡೆಯನ್ನು ಬೀದಿಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಎತ್ತುಗಳನ್ನು ಹಿಂದಕ್ಕೆ ನಡೆಸುವುದು ಸುಲಭದ ಮಾತಲ್ಲ, ಹಾಗಾಗಿ ಅವರ ಕಟ್ಟಳೆಗೆ ಒಂದು ಅರ್ಥವಿತ್ತು. ನನ್ನ ಕಾರಿಗಾದರೋ ರಿವರ್ಸ್ ಗೇರು ಇತ್ತು. ಆದರೂ ನಾನು ಬಂಡಿ ಬಿಟ್ಟು ಕಟ್ಟಳೆಯನ್ನು ಉಳಿಸಿಕೊಂಡೆ. ನಾಳೆ ಬೆಳಿಗ್ಗೆ ಯಾವ ಒಳ್ಳೆಯ ಕೆಲಸ ಬಂದು ನಿಲ್ಲುತ್ತದೋ ಯಾರಿಗೆ ಗೊತ್ತು ಎಂದು ದಿನಾ ಸಂಜೆ ಕಾರನ್ನು ಹಿಮ್ಮುಖವಾಗಿಯೇ ಮನೆಯೊಳಕ್ಕೆ ಏರಿಸುತ್ತಿದ್ದೆ.

ಏರಿಸುತ್ತಿದ್ದೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚರಂಡಿ ಉಕ್ಕಿದರೆ ನೀರು ಒಳಗೆ ಬರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಪೈಪೋಟಿಯ ಮೇಲೆ ಮನೆಗಳನ್ನು ಎತ್ತರಿಸಿ ಕಟ್ಟಿಸಿದ್ದಾರೆ. ಗೆದ್ದವನು ನಾನು. ಬೀದಿಯಿಂದ ನಮ್ಮ ಗೇಟಿಗೆ ಹಾಸಿರುವ ಕಲ್ಲುಚಪ್ಪಡಿಯ ಏರನ್ನು ಕಾಲಲ್ಲಿ ಹತ್ತುವವರೇ ಸೊಂಟ ಹಿಡಿದುಕೊಳ್ಳುತ್ತಾರೆ. ಅದರ ಮೇಲೆ ನಾನು ಕತ್ತು ಹಿಂದಕ್ಕೆ ತಿರುಚಿ, ಕ್ಲಚ್ಚನ್ನು ಅರ್ಧ ಒತ್ತಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಅರಚಿಕೊಂಡು ಮೇಲೇರುವುದು. ನಡುವೆ ಕೋಳಿಯೊಂದು ಅಡ್ಡ ಬಂದರೆ ಅಲ್ಲೇ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿಸಿ ನಿಲ್ಲಿಸುವುದು. ಬ್ರೇಕು ಒತ್ತುವುದು ಹೆದರುಪುಕ್ಕಲರ ಕೆಲಸ ಎಂದುಕೊಂಡಿದ್ದೆ. ಎದುರು ಮನೆಯವರು ಆ ಹೊತ್ತಿಗೆ ಕುರ್ಚಿ ಹಾಕಿಕೊಂಡು ಹೊರಗೆ ಕೂರುತ್ತಿದ್ದುದು ನನ್ನ ಚಾತುರ್ಯವನ್ನು ನೋಡಲಿಕ್ಕೇ ಎಂದು ಬಹಳ ದಿನ ನಂಬಿದ್ದೆ.

ನನ್ನ ಹೆಂಡತಿ ನಾಗವೇಣಿ ಗೇಟು ಹಿಡಿದುಕೊಂಡು ನಿಲ್ಲುತ್ತಿದ್ದಳು.

"ರೀ, ಮುಂದಕ್ಕೇ ತಂದು ನಿಲ್ಸಿ. ಬೆಳಿಗ್ಗೆ ರಿವರ್ಸಲ್ಲಿ ಇಳಿಸ್ಕಳಿ. ಇಳಿಯಾಕೆ ಏನ್ರೀ ಕಷ್ಟ?"

"ನಿಂಗೆ ಗೊತ್ತಾಗಲ್ಲ ಸುಮ್ಕಿರೇ. ಹೊರಡೋ ಗಾಡಿ ಮುಖ ಬೀದಿಗಿರ್ಬೇಕು."

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟು ಎಳೆದು ಹಾಕುತ್ತಿದ್ದಳು.

ಹೀಗಿರುವಾಗ ಕಲ್ಯಾಣದುರ್ಗದಲ್ಲಿರುವ ಅವಳ ತಮ್ಮ ತಿಪ್ಪೇಶಿಗೆ ಹೆಣ್ಣುಮಗುವಾಯಿತು. ಮದುವೆಯಾಗಿ ಎಷ್ಟೋ ವರ್ಷವಾಗಿ, ಎಲ್ಲರೂ ಕೇಳುವುದನ್ನೇ ಬಿಟ್ಟಿದ್ದ ಕಾಲದಲ್ಲಿ ಹುಟ್ಟಿದ ಮಗು. ನಮ್ಮಲ್ಲಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ನಾಗವೇಣಿಗೆ ಇರುವವನು ಒಬ್ಬನೇ ತಮ್ಮ, ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ನಮಗಂತೂ ಮಕ್ಕಳಾಗಲಿಲ್ಲ. ಒಂದು ಮಗುವಿಗೆ ಹೆಸರಿಡುವ ಭಾಗ್ಯ ಅವಳ ಪಾಲಿಗೆ ಇದೊಂದೇ ಸಲ ಬಂದಿತ್ತು. ಸುದ್ದಿ ಬಂದ ದಿನದಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬುಧವಾರ ಗೊತ್ತು ಮಾಡಿದರು. ಹನ್ನೆರಡಕ್ಕೆ ರಾಹುಕಾಲ, ಅದಕ್ಕೆ ಮೊದಲೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು.

ಆ ಬೆಳಿಗ್ಗೆ ನಮ್ಮ ಕಾರು ಬೀದಿಗೆ ಮುಖ ಮಾಡಿಕೊಂಡು ಮದುಮಗನ ಹಾಗೆ ನಿಂತಿತ್ತು. ಒಂದು ಗೇಣೂ ಹಿಂದಕ್ಕೆ ಸರಿಯದೆ ಜರ್ರನೆ ಇಳಿಯಿತು. "ನೋಡ್ದಾ?" ಎಂದೆ. ಪರಿಗಿ ದಾಟುವವರೆಗೆ ಆ ಹೆಮ್ಮೆ ಇತ್ತು. ಆಮೇಲೆ ಇಂಜಿನ್ನಿನ ಕೂಗು ಜಾಸ್ತಿಯಾಯಿತು, ಓಟ ಕಡಿಮೆಯಾಯಿತು. ನಾನು ಒತ್ತಿದಷ್ಟೂ ಅದು ಕಿರುಚುವುದೇ ಹೊರತು ಮುಂದೆ ಹೋಗದು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಅನ್ನಿಸಿತೋ ಏನೋ, ತಾನೂ ನಿಧಾನ ಮಾಡಿದ.

"ರೀ, ವಾಸ್ನೆ ಬತ್ತೈತೆ."

"ಯಾರೋ ಹೊಲ್ದಲ್ಲಿ ಕಸ ಸುಡ್ತಾವ್ರೆ."

"ಕಸ ನಮ್ ಜೊತೇಲೇ ಬತ್ತೈತಲ್ರೀ?"

ಪೆಟ್ರೋಲು ಸರಿಯಿಲ್ಲ ಎಂದೆ. ಗಾಳಿ ಎದುರಿಗೆ ಬೀಸುತ್ತಿದೆ ಎಂದೆ. ರೊದ್ದಂ ಊರನ್ನು ದಾಟಿ ಸ್ವಲ್ಪ ದೂರದ ಒಂದು ಏರಿನಲ್ಲಿ ಕಾರು ಪೂರ್ತಿ ನಿಂತುಬಿಟ್ಟಿತು. ಇಂಜಿನ್ನು ಓಡುತ್ತಿದೆ, ಗೇರು ಬಿದ್ದಿದೆ, ಕಾಲು ಪೆಡಲಿನ ಮೇಲಿದೆ, ಗಾಲಿಗಳು ಮಾತ್ರ ಇದಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ನಿಂತಿವೆ. ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವನು ಹಗ್ಗ ಕಟ್ಟಿದ. ವರ್ಕ್‌ಶಾಪು ಇದ್ದದ್ದು ರೊದ್ದಂನಲ್ಲಿ, ಎಂದರೆ ನಾವು ಬಂದ ದಾರಿಯಲ್ಲಿ. ಅಂತೂ ಒಳ್ಳೆಯ ಕೆಲಸಕ್ಕೆ ಹೊರಟ ನನ್ನ ಗಾಡಿ ಊರೆಲ್ಲ ನೋಡುತ್ತಿರುವಂತೆ ಬಂದ ದಾರಿಗೇ ವಾಪಸ್ಸು ಹೋಯಿತು.

ಮೆಕ್ಯಾನಿಕ್ಕಿನ ಹೆಸರು ಓಬುಳೇಶು. ಕೈಗಿಂತ ಬಾಯಿ ಜೋರು. ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟ.

"ಕ್ಲಚ್ ಪ್ಲೇಟು ಅಯಿಪೋಯಿಂದಿ ಸಾರ್, ಮುಗ್ದೋಯ್ತು. ಗೇರ್ ಬಾಕ್ಸ್ ಇಳಿಸ್ಬೇಕು. ಸಾಮಾನು ಹಿಂದೂಪುರದಿಂದ ಬಸ್ಸಲ್ಲಿ ಬರ್ಬೇಕು. ಸಾಯಂಕಾಲ ಆಯ್ತದೆ. ಇಷ್ಟು ಬೇಗ ಹೆಂಗೆ ಸವೀತು? ಘಾಟಿ ಮೇಲೇನಾದ್ರೂ ಮನೆ ಐತಾ?"

ನಾನು ಕೆಮ್ಮಿದೆ. ನಾಗವೇಣಿ ಎಲ್ಲವನ್ನೂ ಹೇಳಿಬಿಟ್ಟಳು: ಚಪ್ಪಡಿ, ಏರು, ಬೀದಿಗೆ ಮುಖ, ಕೋಳಿ ಸಮೇತ. ಓಬುಳೇಶು ಪಕ್ಕದ ಟೀ ಅಂಗಡಿಯವನನ್ನು, ನನ್ನ ಕಥೆ ಕೇಳಲು ಬಾ ಎಂದು ತೆಲುಗಿನಲ್ಲಿ ಕೂಗಿದ. "ಒರೇಯ್, ಇಲಾ ರಾರಾ, ಈ ಸಾರ್ ಕಥ ವಿನು!" ಅವನ ಜೊತೆ ಟೀ ಕುಡಿಯುತ್ತಿದ್ದವರೂ ಲೋಟ ಹಿಡಿದುಕೊಂಡೇ ಬಂದರು. ನಾಗವೇಣಿ ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ, ಅವನೇ ಇನ್ನಷ್ಟು ಸೇರಿಸಿ ಹೇಳಿದ.

ಬಾಡಿಗೆ ಕಾರು ಹುಡುಕೋಣ, ಯಾರಿಗಾದರೂ ಫೋನ್ ಮಾಡೋಣ ಎಂದು ನಾನು ಓಡಾಡುತ್ತಿದ್ದಾಗ ನಾಗವೇಣಿ ಆಗಲೇ ರಸ್ತೆಗೆ ಹೋಗಿ ನಿಂತಿದ್ದಳು. ಮಗುವಿನ ಬೆಳ್ಳಿ ಕಡಗವಿದ್ದ ಚೀಲ ಕಂಕುಳಲ್ಲಿತ್ತು. ಪಾವಗಡದ ಬಸ್ಸು ಬಂತು.

"ನೀವು ಕಾರ್ ನೋಡ್ಕಳಿ. ಪಾವಗಡದಲ್ಲಿ ಬಸ್ ಬದ್ಲಾಯಿಸ್ಕಂಡು ನಾನು ಹೋಯ್ತೀನಿ."

ರೇಷ್ಮೆ ಸೀರೆಯಲ್ಲಿ, ಆ ನೂಕುನುಗ್ಗಲಿನಲ್ಲಿ ಹತ್ತಿದಳು. ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾನು ಕೈ ಎತ್ತಿದೆ. ಅವಳು ಈ ಕಡೆ ನೋಡಲಿಲ್ಲ. ಅವಳ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಬೈಯುತ್ತಿದ್ದಾಳೆ ಎಂದುಕೊಂಡೆ. ಬೈಯಲಿ ಬಿಡು, ಅವಳು ಹೊತ್ತಿಗೆ ಮುಟ್ಟಿದರೆ ಸಾಕು ಎಂದು ಬಸ್ಸು ಮರೆಯಾಗುವವರೆಗೆ ರಸ್ತೆಯಲ್ಲೇ ನಿಂತಿದ್ದೆ.

ಹಿಂದೂಪುರದ ಅಂಗಡಿಯವನು ಕೊಟ್ಟ ಸಾಮಾನನ್ನು ಬಸ್ಸಿನ ಕಂಡಕ್ಟರು ತಂದು ಇಳಿಸಿ ಹೋದ. ಓಬುಳೇಶು ಸ್ಪ್ಯಾನರ್ ಎತ್ತಿಕೊಂಡ, ಗೋಡೆಯ ಗಡಿಯಾರ ನೋಡಿದ, ಸ್ಪ್ಯಾನರ್ ಕೆಳಗಿಟ್ಟ.

"ಹನ್ನೆರಡಾಯ್ತು ಸಾರ್. ರಾಹುಕಾಲದಲ್ಲಿ ನಾನು ಗೇರ್ ಬಾಕ್ಸಿಗೆ ಕೈ ಹಾಕಲ್ಲ. ಒಂದ್ಸಲ ಹಾಕಿ ಬೆರಳು ಜಜ್ಕಂಡಿವ್ನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾವ ಕಾಲ್ದಲ್ಲಿದ್ದೀಯಪ್ಪಾ? ಮಿಷನ್ನಿಗೆ ರಾಹು ಕೇತು ಎಲ್ಲ ಗೊತ್ತಾಯ್ತದಾ?" ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಮೂಢನಂಬಿಕೆ ದೇಶವನ್ನು ಹೇಗೆ ಹಾಳು ಮಾಡುತ್ತಿದೆ ಎನ್ನುವವರೆಗೆ ಬಂದು, ಟೀ ಅಂಗಡಿಯವನ ಮುಖ ಕಂಡು ಅಲ್ಲಿಗೆ ನಿಲ್ಲಿಸಿದೆ. ಓಬುಳೇಶು ನನ್ನನ್ನು ನೋಡಿದ, ಕಾರನ್ನು ನೋಡಿದ, ನನಗೊಂದು ಟೀ ಹೇಳಿದ.

ತಿಪ್ಪೇಶಿಗೆ ಫೋನ್ ಮಾಡಿದೆ. "ನಿಮ್ಮಕ್ಕ ಇನ್ನೂ ದಾರೀಲಿರ್ಬೇಕು ಕಣಪ್ಪ. ಹೊತ್ತು ಮೀರ್ತು. ಅಲ್ಲಿ ಯಾರಾದ್ರೂ ಹೆಣ್ಮಕ್ಕಳ ಕೈಲಿ ಹೆಸ್ರು ಹೇಳಿಸಿಬಿಡಿ" ಎಂದೆ.

"ಏನ್ ಭಾವ ಹಿಂಗಂತೀರಾ?" ಎಂದ ಅವನು. "ರಾಹುಕಾಲ ಬಂದ್ರೆ ಬರ್ಲಿ ಬಿಡಿ. ಪುರೋಹಿತ್ರು ಮುಖ ಸಿಂಡರಿಸ್ಕಂಡವ್ರೆ, ಅವ್ರಿಗೆ ಊಟಕ್ಕಿಕ್ಕಿ ಕೂರಿಸಿವ್ನಿ. ನಮ್ಮಕ್ಕ ಬರೋಗಂಟ ಮಗೂನ ತೊಟ್ಲಿಗೆ ಹಾಕಲ್ಲ."

ಫೋನ್ ಇಟ್ಟ ಮೇಲೆ ಆ ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಕೂತು ನಾನು ಅತ್ತೆ. ಹೊಗೆ ಕಣ್ಣಿಗೆ ಹೋಯಿತು ಎಂದು ಓಬುಳೇಶುವಿಗೆ ಹೇಳಿದೆ. ಅಲ್ಲಿ ಹೊಗೆ ಇರಲಿಲ್ಲ.

ರಾಹುಕಾಲ ಕಳೆದ ಮೇಲೆ ಅವನು ಗೇರ್ ಬಾಕ್ಸ್ ಇಳಿಸಿದ. ಹಳೆಯ ಪ್ಲೇಟು ತವೆಯ ಮೇಲೆ ಮರೆತ ರೊಟ್ಟಿಯಂತೆ ಕರಕಲಾಗಿ, ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಹೊಸ ಪ್ಲೇಟು, ಬೇರಿಂಗು ಕೂತ ಮೇಲೆ ಪೆಡಲು ಎಷ್ಟು ಹಗುರವಾಗಿತ್ತೆಂದರೆ ನಾನು ಅಭ್ಯಾಸಬಲದಿಂದ ಒದ್ದು ಬಿಟ್ಟಾಗ ಕಾರು ಕಪ್ಪೆಯಂತೆ ನೆಗೆಯಿತು. ನೆಗೆಯುತ್ತ ನೆಗೆಯುತ್ತಲೇ ಹೊತ್ತು ಮುಳುಗುವಾಗ ಕಲ್ಯಾಣದುರ್ಗ ಸೇರಿದೆ. ಶಾಮಿಯಾನ ಬಿಚ್ಚುತ್ತಿದ್ದರು. ನಾಗವೇಣಿ ರಾಹುಕಾಲದ ನಟ್ಟನಡುವೆ ಬಂದು ಹೆಸರು ಹೇಳಿದಳು ಎಂದು ತಿಪ್ಪೇಶಿ ನಗುತ್ತ ಹೇಳಿದ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ನಾನು ಬಂದದ್ದನ್ನೂ ನೋಡಲಿಲ್ಲ. ಸರಿ, ಸಿಟ್ಟು ಇಳಿದಿಲ್ಲ ಎಂದು ಬಾಗಿಲ ಬಳಿಯೇ ಕೂತೆ.

ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಇಷ್ಟು ಕಾಲವೂ ನಾನು ಜಾಮೀನಿನ ಮೇಲೆ ಹೊರಗಿರುವವನಂತೆ ನಡೆದುಕೊಂಡು ಬಂದಿದ್ದೇನೆ. ಕೇಳದೆಯೇ ಹೂವು ತರುವುದು, ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಕುಡಿಯುವುದು. ಆ ದಿನದ ಮಾತು ಮಾತ್ರ ಎತ್ತಿರಲಿಲ್ಲ. ನಿನ್ನೆ ಆ ವಾಸನೆ ತಲೆಗೇರಿತ್ತಲ್ಲ, ಮನೆಗೆ ಬಂದವನೇ ಧೈರ್ಯ ಮಾಡಿ ಕೇಳಿಬಿಟ್ಟೆ.

"ಅಲ್ಲ ಕಣೇ, ಆವತ್ತು ಬಸ್ಸಲ್ಲಿ ಕುಂತು ನನ್ನ ಎಷ್ಟು ಬೈಕಂಡೆ?"

ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ನಿಮ್ಮುನ್ನಾ? ಬಸ್ ಹತ್ತಿದ್ಮೇಲೆ ನೀವು ನೆಪ್ಪಿಗೇ ಬರ್ಲಿಲ್ಲ ಕಣ್ರಿ. ತಿಪ್ಪೇಶಿ ಎಲ್ಲಿಂದ ಹುಡುಕಿದ್ನೋ ಆ ಹೆಸ್ರ, ನನ್ ನಾಲ್ಗೆಗೆ ತಿರುಗ್ತಾನೇ ಇರ್ಲಿಲ್ಲ. ಮಗೂ ಕಿವೀಲಿ ಮೊದಲ್ನೇ ಸಲಾನೇ ತಪ್ಪು ಹೇಳ್ಬುಟ್ರೆ ಅಂತ ಕಲ್ಯಾಣದುರ್ಗದ ಗಂಟ ಅದೊಂದ್ನೇ ಹೇಳ್ಕಂಡ್ ಹೋದೆ."

ನನಗೆ ಹಗುರವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು. ಬೈಗುಳಕ್ಕಾದರೂ ನಾನು ನೆನಪಾಗಬಾರದಿತ್ತೇ?

"ಹೆಂಗ್ ಹೇಳ್ದೆ, ಹೇಳು ನೋಡಾನ" ಎಂದೆ.

ನಾಗವೇಣಿ ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ನನ್ನ ತಲೆಯನ್ನು ಎರಡು ಕೈಯಲ್ಲೂ ಹಿಡಿದು, ಕಿವಿಗೆ ಬಾಯಿಟ್ಟು, ಬಹಳ ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ "ಹೃತ್ವಿಕಾ" ಎಂದಳು.