ನಾಯಿಯ ಪಾಲಿನ ತುತ್ತು

ನಮ್ಮತ್ತೆ ತಿಪ್ಪೇರುದ್ರಮ್ಮನವರು ಮನುಷ್ಯರನ್ನು ಅಳೆಯುವುದು ಉಂಡೆದ್ದ ತಟ್ಟೆಯಿಂದ. ಹೆಣ್ಣು ನೋಡಲು ನಮ್ಮ ಮನೆಗೆ ಬಂದಾಗಲೂ ಅವರು ನನ್ನ ಮುಖ ನೋಡಿದ್ದು ಕಡಿಮೆ, ನಾನು ಉಪ್ಪಿಟ್ಟು ತಿಂದ ತಟ್ಟೆ ನೋಡಿದ್ದು ಹೆಚ್ಚು. ಅದರಲ್ಲಿ ಒಂದು ಕರಿಬೇವಿನ ಎಲೆಯೂ ಉಳಿದಿರಲಿಲ್ಲವಂತೆ. ‘ದಾಕ್ಷಾಯಿಣಿನೇ ನಮ್ಮ ಸೊಸೆ’ ಎಂದು ಅಲ್ಲೇ ಹೇಳಿಬಿಟ್ಟರು. ಹೆದರಿಕೆಗೆ ಎಲೆಯನ್ನೂ ಸೇರಿಸಿ ನುಂಗಿದ್ದೆ ಎಂದು ನಾನು ಇನ್ನೂ ಅವರಿಗೆ ಹೇಳಿಲ್ಲ, ಹೇಳುವ ಅವಸರವೂ ಇಲ್ಲ.

ಅನ್ನವೆಂದರೆ ಅವರಿಗೆ ಪ್ರಸಾದ. ಊಟವಾದ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾರೆ. ಆಮೇಲೆ ನಾನು ಆ ತಟ್ಟೆಯನ್ನು ತೊಳೆಯುವುದು ಬರೀ ಶಾಸ್ತ್ರಕ್ಕೆ. ಇಂಥ ಮನೆಗೆ ಹೋದ ಬೇಸಿಗೆಯಲ್ಲಿ ಸ್ವಪ್ನ ಬಂದಳು.

ದೇವಸಮುದ್ರದ ಹತ್ತಿರದ ಒಂದು ಹಟ್ಟಿಯ ಹುಡುಗಿ. ಅವಳ ತಂದೆ ಮೂಡಲಗಿರಿಯಪ್ಪ ಕುರಿ ಸಾಕುವವರು, ಒಂದಿಷ್ಟು ಹೊಲವೂ ಉಂಟು. ನಮ್ಮ ಮಾವ ಚಿಕ್ಕಬಸಪ್ಪನವರ ಕಾಲದಿಂದಲೂ ಅವರ ಶೇಂಗಾ ಬರುವುದು ಚಳ್ಳಕೆರೆಯ ನಮ್ಮ ಮಂಡಿಗೇ. ಹುಡುಗಿ ಮೊಳಕಾಲ್ಮೂರಿನಲ್ಲಿ ಪಿಯುಸಿ ಮುಗಿಸಿ, ನಮ್ಮೂರಿನ ಕಾಲೇಜಿನಲ್ಲಿ ಬಿಎಸ್‌ಸಿ ಸೇರಿದ್ದಳು. ತರಗತಿಗಳು ತಡವಾಗಿ, ಬೇಸಿಗೆ ಪೂರ್ತಿ ಪಾಠ ಎಂದಾಯಿತು. ಅದೇ ಹೊತ್ತಿಗೆ ಹಾಸ್ಟೆಲನ್ನು ರಿಪೇರಿಗೆಂದು ಮುಚ್ಚಿದರು. ಹಟ್ಟಿಯಿಂದ ಬರೋಣವೆಂದರೆ ಬೆಳಗಿನ ಪಾಠಕ್ಕೆ ಬಸ್ಸಿಲ್ಲ. ಪರೀಕ್ಷೆಯ ತನಕ ಇರಲು ಒಂದು ಮನೆ ಸಿಗದಿದ್ದರೆ ಹುಡುಗಿಯ ಓದು ಅಲ್ಲಿಗೇ ಮುಗಿಯುತ್ತಿತ್ತು. ಹಟ್ಟಿಯಲ್ಲಿ ಒಮ್ಮೆ ಕುರಿಗಳ ಹಿಂದೆ ಹೊರಟವರನ್ನು ಮತ್ತೆ ಕಾಲೇಜಿಗೆ ಯಾರು ಕಳಿಸುತ್ತಾರೆ?

ಊರು ಅವಳಿಗೆ ಹೊಸದು. ಅಲ್ಲಿಯವರೆಗೆ ಹಾಸ್ಟೆಲಿನಿಂದ ಕಾಲೇಜಿಗೆ ಸಾಲಾಗಿ ಹೋಗಿ ಸಾಲಾಗಿ ಬಂದಿದ್ದಳಷ್ಟೆ. ಮೊದಲ ವಾರ ದಿನಾ ದಾರಿ ತಪ್ಪಿಸಿಕೊಳ್ಳುತ್ತಿದ್ದಳು. “ನಮ್ಮ ಕಡೆ ಗುಡ್ಡ ನೋಡ್ಕಂಡು ನಡದ್ರೆ ಮನೆ ಬರ್ತೈತೆ ಅಕ್ಕಾ, ಇಲ್ಲಿ ಬರೀ ಬೋರ್ಡು” ಎನ್ನುವಳು. ಎಣ್ಣೆ ಮಿಲ್ಲುಗಳ ವಾಸನೆಗೆ ಮೂಗು ಅರಳಿಸಿ, “ನಿಮ್ಮೂರ ಗಾಳೀಲೇ ಒಗ್ಗರಣೆ ಹಾಕ್ಬೋದು” ಎಂದಳು. ನನಗೆ ಹಿಡಿಸಿಬಿಟ್ಟಳು. ನನ್ನ ಗಂಡ ಶಶಿಕಾಂತ್ ಮಂಡಿಯಿಂದ ಬಂದು ಬಾಯಿ ತೆರೆಯುವುದೇ ಆಕಳಿಸಲು. ಮಾತಿಗೊಬ್ಬರು ಸಿಕ್ಕರೆಂದು ನಾನು ಹಿಗ್ಗಿದೆ.

ಅತ್ತೆ ಮಾತ್ರ ತಟ್ಟೆ ನೋಡಿದ್ದರು. ಹುಡುಗಿ ಪ್ರತಿ ಊಟದಲ್ಲೂ ಕೊನೆಗೆ ಒಂದು ತುತ್ತು ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಹಿತ್ತಲಿನ ನಲ್ಲಿಯ ಪಕ್ಕ ಇಟ್ಟು ಬರುತ್ತಿದ್ದಳು. ಮೊದಮೊದಲು ಅತ್ತೆ ಹುಬ್ಬು ಗಂಟಿಕ್ಕಿ ಸುಮ್ಮನಾದರು. ಎರಡನೆಯ ವಾರದಿಂದ ಅವಳು ಅರ್ಧ ಮುದ್ದೆಗಿಂತ ಹೆಚ್ಚು ಹಾಕಿಸಿಕೊಳ್ಳಲಿಲ್ಲ. ಆ ಅರ್ಧದಲ್ಲೂ ತುತ್ತು ಬಿಡುವುದು ತಪ್ಪಲಿಲ್ಲ. ಅತ್ತೆಯ ಮೈಯೆಲ್ಲ ಉರಿಯಿತು.

“ಕೇಳಬಾರದಾ ಅತ್ತೆ ಅವಳನ್ನೇ?” ಎಂದೆ.

“ಉಣ್ಣೋರ ತಟ್ಟೆ ಕೇಳೋ ಮನೆತನ ಅಲ್ಲ ನಮ್ಮದು” ಎಂದರು. ಕದ್ದು ನೋಡುವ ಮನೆತನ ಹೌದೇ ಎಂದು ನಾನು ಕೇಳಲಿಲ್ಲ. ಕೊನೆಗೆ ಮಗನನ್ನು ಕರೆದು, “ಅನ್ನ ಬಿಡೋರು ನಮ್ಮನೇಲಿ ಬ್ಯಾಡ. ಅವರಪ್ಪಂಗೆ ಫೋನ್ ಮಾಡು, ಬಂದು ಕರ್ಕಂಡು ಹೋಗ್ಲಿ” ಎಂದರು. ನಮ್ಮ ಯಜಮಾನರಿಗೆ ಜಗಳವೆಂದರೆ ಜ್ವರ. “ಒಂದ್ಸಲ ಬಂದು ಹೋಗ್ರಿ” ಎಂದಷ್ಟೇ ಹೇಳಿ ಫೋನು ಇಟ್ಟರು.

ಭಾನುವಾರ ಮಧ್ಯಾಹ್ನ ಮೂಡಲಗಿರಿಯಪ್ಪ ಬಂದರು. ಹೆಗಲ ಮೇಲೆ ಒಂದು ಚೀಲ ರಾಗಿ, ಕೈಯಲ್ಲಿ ತುಪ್ಪದ ಡಬ್ಬಿ. ಎರಡನ್ನೂ ಅಡುಗೆಮನೆ ಬಾಗಿಲಲ್ಲಿಟ್ಟು, “ಏನೂ ತಿಳ್ಕಬ್ಯಾಡ್ರಿ ಅಮ್ಮಾರೇ” ಎಂದರು. ಶೇಂಗಾ ಮಂಡಿಯ ಮನೆಗೆ ರಾಗಿ ಯಾಕೆ ಬಂತೆಂದು ನಮಗೆ ತಿಳಿಯಲಿಲ್ಲ. ಉಂಡ ಮೇಲೆ ಹೇಳುವುದೆಂದು ಅತ್ತೆ ನಿಶ್ಚಯಿಸಿದ್ದರು. ಎಷ್ಟೇ ಸಿಟ್ಟಿದ್ದರೂ ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವವರಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ತಾವೂ ಎದುರಿಗೇ ಉಣ್ಣಲು ಕೂತರು.

ಮೂಡಲಗಿರಿಯಪ್ಪ ಚೆನ್ನಾಗಿ ಉಂಡರು, ಕೊನೆಗೆ ಒಂದು ತುತ್ತು ಅಂಚಿಗೆ ಸರಿಸಿದರು. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ‘ನೂಲಿನಂತೆ ಸೀರೆ’ ಎಂದು ಬರೆದಿತ್ತು. ತಮ್ಮ ತಟ್ಟೆಗೆ ನೀರು ಹಾಕಿ, ತೊಳೆದು, ಗಟಗಟ ಕುಡಿದು, ಗಂಟಲು ಸರಿಮಾಡಿಕೊಂಡರು. “ಮೂಡಲಗಿರಿಯಪ್ಪ, ನಿನ್ನ ಮಗಳ ವಿಚಾರ...”

ಮೂಡಲಗಿರಿಯಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. “ನೀವು ಹೇಳೋದೇ ಬ್ಯಾಡ ಅಮ್ಮಾರೇ. ನಾನು ಅದಕ್ಕೇ ಬಂದೀನಿ, ಕರ್ಕಂಡು ಹೋಗ್ತೀನಿ. ದೊಡ್ಡ ಯಜಮಾನ್ರು ಹೋದ ಮ್ಯಾಲೆ ಮನೆ ಇಂಗಾಗೈತೆ ಅಂತ ನಂಗೆ ಗೊತ್ತಿರ್ಲಿಲ್ಲ. ತಟ್ಟೆ ತೊಳದ ನೀರು ಕುಡ್ದು ಹೊಟ್ಟೆ ತುಂಬಿಸ್ಕಳೋ ಹೊತ್ನಾಗೆ ನಮ್ಮದೊಂದು ಬಾಯಿ ಯಾಕೆ ನಿಮಗೆ? ನಿಮಗೆ ಉಳೀಲಿ ಅಂತ ನನ್ನ ಮಗಳು ಅರ್ಧ ಹೊಟ್ಟೇಲಿ ಏಳ್ತಾಳಂತೆ, ಫೋನ್ನಾಗೆ ಹೇಳಿದ್ಲು.”

ಅತ್ತೆ ಬಾಗಿಲಲ್ಲಿ ನಿಂತಿದ್ದ ಸ್ವಪ್ನಳ ಕಡೆ ತಿರುಗಿದರು. “ನನ್ನ ಮನೇಲಿ ಹಸ್ಕಂಡಿದ್ದೇನೇ?”

ಹುಡುಗಿ ತಲೆ ತಗ್ಗಿಸಿ ಹೂಂ ಎಂದಳು.

“ಮತ್ತೆ ದಿನಾ ತುತ್ತು ಬಿಡ್ತಿದ್ಯಲ್ಲ?”

“ಅದು ನಾಯಿದು ಅಜ್ಜಿ.”

ಅವರ ಹಟ್ಟಿಯಲ್ಲಿ ಪ್ರತಿಯೊಬ್ಬರ ಕೊನೆಯ ತುತ್ತು ಮಂದೆ ಕಾಯುವ ನಾಯಿಯದು. ತಟ್ಟೆ ಹೊರಗಿಟ್ಟರೆ ನಾಯಿ ತಾನಾಗಿ ಬರುತ್ತದೆ. ಇಷ್ಟು ದೊಡ್ಡ ಮನೆಗೆ ನಾಯಿ ಇಲ್ಲವೆಂದು ಹುಡುಗಿಗೆ ಹೊಳೆದೇ ಇರಲಿಲ್ಲ. ತಟ್ಟೆ ಬಳಿದು ತಿಂದರೆ ಮನೆಯಲ್ಲಿ ಅನ್ನ ಸಾಲದು ಎಂದು ಅಲ್ಲಿ ಅರ್ಥ. ತಂದೆ ಇದನ್ನೆಲ್ಲ ಬಿಡಿಸಿ ಹೇಳಿದರು, ಅತ್ತೆಯ ಮರ್ಯಾದೆಗೆ ನೋವಾಗಬಾರದೆಂದು ಮೆಲ್ಲಗೆ.

ಅತ್ತೆ ಎದ್ದು ಉಗ್ರಾಣದ ಬಾಗಿಲು ತೆಗೆದರು. ಎಣ್ಣೆಯ ಡಬ್ಬಿಗಳು, ಶೇಂಗಾ ಮೂಟೆಗಳು, ಅಕ್ಕಿ, ಬೆಲ್ಲ. “ನೋಡಪ್ಪ, ನಮಗೇನು ಕಡಿಮೆ ಆಗೈತೆ? ಆ ನೀರು ಕುಡಿಯೋದು ನಮ್ಮ ನೇಮ.”

ಮೂಡಲಗಿರಿಯಪ್ಪ ನೋಡಿದರು, ನಂಬಲಿಲ್ಲ. “ಮಾರೋ ಸರಕು ಬ್ಯಾರೆ, ಉಣ್ಣೋದು ಬ್ಯಾರೆ ಅಮ್ಮಾರೇ. ನಮ್ಮ ಮಂದೇನೂ ದೊಡ್ಡದೇ. ಹಬ್ಬಕ್ಕೂ ಒಂದು ಕುರಿ ಕೊಯ್ಯಾಕೆ ಮನಸು ಬರಲ್ಲ.” ವ್ಯಾಪಾರದ ಮನೆಯನ್ನು ಅವರು ಸರಿಯಾಗಿಯೇ ಬಲ್ಲರು. “ನಡಿಯವ್ವ, ಬ್ಯಾಗು ತಗ” ಎಂದರು ಮಗಳಿಗೆ.

“ಅಪ್ಪಾ, ಪ್ರಾಕ್ಟಿಕಲ್ ಐತೆ” ಎಂದಳು ಸ್ವಪ್ನ. ಕಳಿಸಲೆಂದು ಕರೆಸಿದವರು ಈಗ ಉಳಿಸಿಕೊಳ್ಳಬೇಕಿತ್ತು, ನಮ್ಮತ್ತೆಗೆ ಬೇಡುವ ಅಭ್ಯಾಸವಿಲ್ಲ.

ಅವರು ಬೇಡಲಿಲ್ಲ. ಮತ್ತೆ ತಟ್ಟೆಯ ಮುಂದೆ ಕೂತು, “ದಾಕ್ಷಾಯಿಣಿ, ಒಂದು ಮುದ್ದೆ ಹಾಕು” ಎಂದರು. ಸಕ್ಕರೆ ಕಾಯಿಲೆ ಎಂದು ಬಾಯಿ ತೆರೆದೆ, ಕಣ್ಣಲ್ಲೇ ಮುಚ್ಚಿಸಿದರು. ತಿಂದರು. ಕೊನೆಯ ತುತ್ತಿಗೆ ಬಂದಾಗ ಕೈ ಎರಡು ಸಲ ಬಾಯಿಯ ಕಡೆಗೇ ಹೊರಟಿತು, ಹುಟ್ಟಿದಾರಭ್ಯದ ಅಭ್ಯಾಸ. ಎದೆಯ ಮೇಲಿನ ಲಿಂಗವನ್ನು ಒಮ್ಮೆ ಮುಟ್ಟಿ, ಶಿವನೇ ಎಂದು, ತುತ್ತನ್ನು ಅಂಚಿಗೆ ಸರಿಸಿದರು.

ತಟ್ಟೆ ಹಿಡಿದು ಆ ಬಿಸಿಲಲ್ಲಿ ಬೀದಿಗೆ ಹೋದರು. ಬೀದಿಯಲ್ಲಿ ಇದ್ದದ್ದು ಆಟೋದ ಕೆಳಗೆ ಮಲಗಿದ್ದ ಒಂದೇ ನಾಯಿ. ಬೇಕರಿಯ ಬಿಸ್ಕತ್ತು ತಿಂದು ಬೆಳೆದದ್ದು, ಮುದ್ದೆಯೆಂದರೆ ಅದಕ್ಕೆ ಲೆಕ್ಕವಿಲ್ಲ. “ಬಾರಪ್ಪಾ, ತಗಳಪ್ಪಾ” ಎಂದು ನಮ್ಮತ್ತೆ ಅದಕ್ಕೆ ಅಳಿಯನಿಗೆ ಕೊಡುವ ಮರ್ಯಾದೆ ಕೊಟ್ಟರು. ಅದು ಒಂದು ಕಣ್ಣು ತೆರೆದು ಮುಚ್ಚಿತು. ಅತ್ತೆ ಬಿಸಿಲಲ್ಲೇ ನಿಂತರು. ಎದುರುಮನೆಯವರು ಕಿಟಕಿಗೆ ಬಂದರು. ನಾನು ಕೊಡೆ ಹಿಡಿಯಲು ಹೋದರೆ ಬೇಡವೆಂದರು. ಸಾಕಷ್ಟು ಸತಾಯಿಸಿ, ನಾಯಿ ಮೈಮುರಿದು ಎದ್ದು, ಮೂಸಿ, ಉಪಕಾರ ಮಾಡಿದಂತೆ ತಿಂದಿತು.

ಅತ್ತೆ ಬೆವರಿಳಿಸಿಕೊಂಡು ಒಳಗೆ ಬಂದರು. “ನನ್ನ ಹೊಟ್ಟೆ ತುಂಬೈತೆ ಮೂಡಲಗಿರಿಯಪ್ಪ. ನಿನ್ನ ಮಗಳದೂ ತುಂಬಿಸ್ತೀನಿ. ಬಿಟ್ಟು ಹೋಗು.”

ಮೂಡಲಗಿರಿಯಪ್ಪ ಖಾಲಿ ತಟ್ಟೆ ನೋಡಿದರು. “ಪರೀಕ್ಷೆ ಆಗೋಗಂಟ ಇರ್ಲಿ ಬಿಡ್ರಿ ಅಮ್ಮಾರೇ” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ರಾಗಿ ಚೀಲವನ್ನು ಮಾತ್ರ ವಾಪಸ್ಸು ಒಯ್ಯಲಿಲ್ಲ. ಪೂರ್ತಿ ನಂಬಿಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ಸ್ವಪ್ನ ಊಟಕ್ಕೆ ಕೂತಳು. ನಾನು ಬಡಿಸಲು ಹೋದರೆ ಅತ್ತೆ ಸೌಟು ಕಿತ್ತುಕೊಂಡರು. ನಾನು ಈ ಮನೆಗೆ ಬಂದಾಗಿನಿಂದ ಅವರು ಸೌಟು ಮುಟ್ಟಿದ್ದು ಕಂಡಿರಲಿಲ್ಲ. ಒಂದು ಮುದ್ದೆ ಹಾಕಿದರು, ಅದು ಮುಗಿಯಿತು. ಇನ್ನೊಂದು ಹಾಕಿದರು, ಅದೂ ಮುಗಿಯುತ್ತಾ ಬಂತು. ಮೊಣಕಾಲು ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತು, “ಹೊಟ್ಟೆ ತುಂಬ್ತೇನವ್ವ?” ಎಂದು ಕೇಳಿದರು.

“ಇನ್ನೂ ಇಲ್ಲ ಅಜ್ಜಿ” ಎಂದಳು ಸ್ವಪ್ನ. ಆ ಮಾತಿಗೆ ನಮ್ಮತ್ತೆಗೆ ಆದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.