ಸೋಮವಾರದ ಡಾಕ್ಟರಬಾಯಿ

ಡಾಕ್ಟರ್ ವತ್ಸಲಾಬಾಯಿಯವರು ಯಾರಿಗಾದರೂ ಊದಲು ಹೇಳಿದರೆ ತಾವೂ ಊದುತ್ತಿದ್ದರು. ಕೊಳವೆ ಇರುತ್ತಿದ್ದದ್ದು ನಮ್ಮ ಬಾಯಲ್ಲಿ, ಗಲ್ಲ ಉಬ್ಬುತ್ತಿದ್ದದ್ದು ಅವರದು. "ಊದ್ರಿ, ಊದ್ರಿ, ಇನ್ನೂ ಅದ, ತಳದಾಗ ಇನ್ನೂ ಸ್ವಲ್ಪ ಅದ!" ಎಂದು ಕೂಗಿ, ಚಪ್ಪಲಿಯ ತುದಿಯ ಮೇಲೆ ನಿಂತು, ಕಣ್ಣು ಮುಚ್ಚಿ, ನಮ್ಮ ಉಸಿರು ಮುಗಿಯುವವರೆಗೂ ತಮ್ಮ ಉಸಿರನ್ನೂ ಹೊರಗೆ ನೂಕುತ್ತಿದ್ದರು. ಅವರು ನನ್ನ ಎದೆಯ ಮಟ್ಟಕ್ಕೆ ಬರುವಷ್ಟು ಗಿಡ್ಡ. ಗಿರಣಿಯಲ್ಲಿ ನಮ್ಮ ಖಾತೆಯ ಅಷ್ಟೂ ಮಂದಿಯನ್ನು ಊದಿಸಿ ಮುಗಿಸುವ ಹೊತ್ತಿಗೆ ಗೋಡೆಗೆ ಒರಗಿ ನೀರು ಕೇಳುತ್ತಿದ್ದವರು ಅವರೇ. ನಾವು ಆರಾಮಾಗಿ ಬೀಡಿ ಹಚ್ಚುತ್ತಿದ್ದೆವು.

ನಾನು ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಹತ್ತಿ ಹಿಂಜುವ ಖಾತೆಯಲ್ಲಿದ್ದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಸಾಲಿಯೇ ನನ್ನನ್ನು ಬಿಟ್ಟಿತೆಂದು ಮಾಬುಸಾಬ ಹೇಳುತ್ತಿದ್ದ. ಅವನೂ ನಾನೂ ಹಿಂಜುವ ಯಂತ್ರದ, ಒಂದೇ ಸಾಂಚೆಯ, ಎರಡು ಮಗ್ಗುಲಿಗೆ ದುಡಿಯುವವರು. ಖಾತೆಯೊಳಗೆ ಅರಳೆಯ ಧೂಳು ಎಷ್ಟಿರುತ್ತಿತ್ತೆಂದರೆ, ಊಟದ ಸೂಟಿಗೆ ಹೊರಗೆ ಬಂದಾಗ ಎಲ್ಲರೂ ಒಂದೇ ವಯಸ್ಸಿನ ಮುದುಕರಾಗಿ ಕಾಣುತ್ತಿದ್ದೆವು. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲಾ ಬೆಳ್ಳಗೆ.

ರವಿವಾರ ಸೂಟಿ. ಸೋಮವಾರ ಕೆಲಸಕ್ಕೆ ನಿಂತರೆ ಮಧ್ಯಾಹ್ನದೊಳಗೆ ಎದೆಗೆ ಯಾರೋ ಹಗ್ಗ ಹಾಕಿ ಬಿಗಿದ ಹಾಗೆ ಆಗುತ್ತಿತ್ತು. ಮಂಗಳವಾರ ಸಡಿಲಾಗುತ್ತಿತ್ತು. ನಮಗೆ ಅದು ಸೋಮವಾರದ ಬಿಗತ. ಅದಕ್ಕೆ ಕಾರಣವೂ ಇರುತ್ತದೆಂದು ನಾವು ಕೇಳಿಕೊಂಡವರಲ್ಲ. ಸೋಮವಾರ ಸಂತೆ ಇರುವ ಊರಿನಲ್ಲಿ ಸಂತೆ ಯಾಕೆ ಸೋಮವಾರ ಎಂದು ಯಾರು ಕೇಳುತ್ತಾರೆ? ಮ್ಯಾನೇಜರ ಸಾಹೇಬರು ಮಾತ್ರ, "ರವಿವಾರ ಕುಡೀತಾರ, ಸೋಮವಾರ ಕೆಮ್ಮತಾರ" ಎಂದು ತೀರ್ಪು ಕೊಟ್ಟಿದ್ದರು. ನಾನು ಜನ್ಮದಲ್ಲಿ ಕುಡಿದವನಲ್ಲ. ಆದರೂ ಕೆಮ್ಮು ಬಂದರೆ ನುಂಗಿಕೊಂಡು ನಿಲ್ಲುತ್ತಿದ್ದೆ. ಖಾತೆಯ ಆಳುಗಳನ್ನು ನಡೆಸುವ ಹಳೇ ಮುಕಾದಮರು ಕೆಲಸ ಬಿಡುವವರಿದ್ದರು, ಆ ಜಾಗ ನನ್ನದೇ ಎಂದು ನಾನೇ ಗೊತ್ತು ಮಾಡಿಬಿಟ್ಟಿದ್ದೆ. ಮುಕಾದಮ ಕೆಮ್ಮಿದರೆ ಶೋಭಿಸುತ್ತದೆಯೇ?

ಈ ಸೋಮವಾರದ ಬಿಗತಕ್ಕೇ ವತ್ಸಲಾಬಾಯಿಯವರು ಬಂದದ್ದು. ಆಗ ಹುಬ್ಬಳ್ಳಿಯಲ್ಲಿ ಡಾಕ್ಟರಕಿ ಕಲಿಸುವ ಕಾಲೇಜು ಹೊಸದು. ಅಲ್ಲಿ ಅವರಿಗೆ ಕೆಲಸ, ಮನೆ ಧಾರವಾಡದಲ್ಲಿ. ಸೋಮವಾರ ಮುಂಜಾನೆ ಧಾರವಾಡದ ಮೊದಲ ಬಸ್ಸಿಗೆ ಬಂದು, ಪಾಳಿಗೆ ಕರೆಯುವ ಭೋಂಗಾ ಊದುವ ಮುಂಚೆ ನಮ್ಮ ಗೇಟಿನಲ್ಲಿ ನಿಂತಿರುತ್ತಿದ್ದರು. ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಅದರ ಪಟ್ಟಿಯೇ ಅವರ ಕಿಸೆ. ಬಸ್ಸಿನ ಟಿಕೀಟು, ಔಷಧದ ಚೀಟಿ, ಒಮ್ಮೊಮ್ಮೆ ಮುಡಿಯಿಂದ ಬಿದ್ದ ಅಬ್ಬಲಿಗೆಯ ದಂಡೆ ಕೂಡ ಅದರಡಿ ಸಿಕ್ಕಿಸಿರುತ್ತಿದ್ದರು.

ದೂರದ ದೇಶಗಳ ಗಿರಣಿಗಳಲ್ಲೂ ಈ ಸೋಮವಾರದ ಬಿಗತ ಇದೆಯಂತೆ, ಅಲ್ಲಿಯ ಡಾಕ್ಟರರು ಅದನ್ನು ಅಳೆಯಲು ಹತ್ತಿದ್ದಾರಂತೆ. "ನಮ್ಮಲ್ಲೆ ಯಾರೂ ಅಳದು ನೋಡಿಲ್ಲರಿ. ಅಳೀಲಾರದ ಕುಡೀತಾರ ಅಂದ್ರ ಹ್ಯಾಂಗ?" ಎಂದರು ಮೊದಲ ದಿನ. ಅಳೆಯುವ ಯಂತ್ರವೆಂದರೆ ನೀರು ತುಂಬಿದ ಒಂದು ಡಬ್ಬಿ, ಅದರೊಳಗೆ ಬೋರಲು ಹಾಕಿದ ಇನ್ನೊಂದು ಡಬ್ಬಿ. ಕೊಳವೆಯಲ್ಲಿ ಊದಿದರೆ ಒಳಗಿನ ಡಬ್ಬಿ ಮೇಲೇಳುತ್ತಿತ್ತು. ಪಾಳಿಗೆ ಮುಂಚೆ ಒಮ್ಮೆ, ಪಾಳಿ ಬಿಟ್ಟ ಮೇಲೆ ಒಮ್ಮೆ ಊದಬೇಕು.

ಡಬ್ಬಿ ಏಳುವುದನ್ನು ಕಂಡದ್ದೇ ತಡ, ಖಾತೆಯೆಲ್ಲ ಗರಡಿಮನೆಯಾಯಿತು. ಯಾರ ಡಬ್ಬಿ ಎಷ್ಟು ಎದ್ದಿತು ಎಂದು ಪಣ. "ಹಾ ಹಾ, ಬಿಡಬ್ಯಾಡ!" ಎಂದು ಕೂಗು.

"ಬಾಯಾರ, ಎಲ್ಲೀತನಾ ಏರಿಸಿದ್ರ ಪಾಸರಿ?" ಎಂದು ನಾನು ಕೇಳಿದೆ.

"ಪಾಸೂ ಇಲ್ಲ, ನಪಾಸೂ ಇಲ್ಲ ಫಕೀರಪ್ಪನವರ. ಎಷ್ಟದ ಅಷ್ಟು ನೋಡೂದು."

ಪಾಸು ನಪಾಸು ಇಲ್ಲದ ಪರೀಕ್ಷೆಗೆ ಧಾರವಾಡದಿಂದ ಇಷ್ಟು ದೂರ ಬರುತ್ತಾರೆಯೇ? ನಾನು ನಂಬಲಿಲ್ಲ. ನಂಬದೆ ಇರುವುದೇ ಶಾಣ್ಯಾತನ ಎಂದು ತಿಳಿದಿದ್ದ ಕಾಲ ಅದು.

ಪಾಳಿ ಬಿಟ್ಟ ಮೇಲೆ ನಾವೆಲ್ಲ ಒಂದೊಂದು ಹೆಂಟೆ ಬೆಲ್ಲ ತಿನ್ನುವ ರೂಢಿ. ಧೂಳು ತೊಳೆದು ಹೋಗುತ್ತದೆಂದು. ಬಾಯಿಯವರು ಅದನ್ನು ನೋಡಿ ಬಹಳ ಆಸ್ಥೆಯಿಂದ ಕೇಳಿದರು.

"ಧೂಳು ಹೋಗೂದು ಎಲ್ಲಿಗೆ?"

"ಎದಿಗೆ ನೋಡ್ರಿ."

"ಬೆಲ್ಲ ಹೋಗೂದು?"

"ಹೊಟ್ಟಿಗೆ."

"ಹಂಗಾರ ಅವೆರಡೂ ಎಲ್ಲೆ ಭೆಟ್ಟಿ ಆಗ್ತಾವರಿ?"

ನಾನು ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬಹಳ ಹೊತ್ತು ವಿಚಾರ ಮಾಡಿದೆ. ಮಾಬುಸಾಬ ನಡುವೆ ಬಾಯಿ ಹಾಕಿದ. "ಪೈಲವಾನಂದು ಎದಿ ಬ್ಯಾರೆ ಹೊಟ್ಟಿ ಬ್ಯಾರೆ ಇಲ್ಲರಿ ಬಾಯಾರ. ಒಳಗ ಎಲ್ಲಾ ಒಂದ ಗ್ವಾದಾಮ." ಬಾಯಿಯವರು ಸೆರಗು ಬಾಯಿಗೆ ಹಿಡಿದು ನಕ್ಕರು. ನಂತರ ತಾವೂ ಒಂದು ಚೂರು ಬೆಲ್ಲ ಕೇಳಿ ತಿಂದರು. ಬೈದು ತಿದ್ದುವುದು ಅವರಿಗೆ ಬರುತ್ತಿರಲಿಲ್ಲ. ಕೇಳಿ ಕೇಳಿಯೇ ಮನುಷ್ಯನನ್ನು ಮೂಲೆಗೆ ನಿಲ್ಲಿಸುತ್ತಿದ್ದರು.

ಪೈಲವಾನ ಎಂದು ಮಾಬುಸಾಬ ಅಣಕಿಸಿದ್ದಕ್ಕೆ ಕಾರಣವಿತ್ತು. ಹರೆಯದಲ್ಲಿ ನಾನು ಗೋಪನಕೊಪ್ಪದ ಗರಡಿಯಲ್ಲಿ ಸಾಮು ತೆಗೆದವನು. ಕುಸ್ತಿ ಗೆದ್ದದ್ದು ಕಡಿಮೆ, ಹೇಳಿಕೊಂಡದ್ದು ಹೆಚ್ಚು. ಆ ಗರಡಿಯ ಬುದ್ಧಿಯನ್ನೇ ಡಬ್ಬಿಯ ಮುಂದೆ ಹೂಡಿದೆ. ಮೊದಲಿಗೇ ದಮ್ಮು ಖರ್ಚು ಮಾಡುವವನು ಹೆಡ್ಡ. ಮುಂಜಾನೆ ಸ್ವಲ್ಪ ಊದಬೇಕು, ಉಳಿದದ್ದನ್ನು ಪಾಳಿ ಬಿಟ್ಟ ಮೇಲೆ ತೋರಿಸಬೇಕು. ದುಡಿದಷ್ಟೂ ಈ ಗಂಡಸಿನ ಕಸುವು ಏರುತ್ತದೆಂದು ಎಲ್ಲರಿಗೂ ಕಾಣಬೇಕು! ಹಾಗೇ ಮಾಡಿದೆ. ಮುಂಜಾನೆ, ಬಿಸಿ ಚಹಾ ಆರಿಸುವಷ್ಟು ಉಸಿರು. ಪಾಳಿ ಬಿಟ್ಟ ಮೇಲೆ ಕತ್ತಿನ ನರ ಹರಿಯುವಷ್ಟು. ಎಲ್ಲರ ಡಬ್ಬಿ ಸಂಜೆಗೆ ಇಳಿದರೆ ನನ್ನದು ಏರುತ್ತಿತ್ತು. ಮಾಬುಸಾಬನದಂತೂ ಏಳುವ ಮುಂಚೆಯೇ ಕೂಡುತ್ತಿತ್ತು.

ಬಾಯಿಯವರು ಕನ್ನಡಕ ಒರೆಸಿಕೊಂಡು ನೋಡುತ್ತಿದ್ದರು. "ಹಿಂಗ ಆಗಬಾರದಲ್ಲ," ಎಂದು ತಮಗೆ ತಾವೇ ಅನ್ನುತ್ತಿದ್ದರು. ಮ್ಯಾನೇಜರ ಸಾಹೇಬರಿಗೆ ಸುದ್ದಿ ಹೋಗಿ, ಅವರು ಖಾತೆಗೆ ಬಂದು ನನ್ನ ಬೆನ್ನು ತಟ್ಟಿದರು. "ನೋಡ್ರಿ ಬಾಯಾರ, ನಮ್ಮ ಫಕೀರಪ್ಪಗ ಅರಳಿ ಧೂಳು ಟಾನಿಕ್ ಆಗೇತಿ." ಬೆನ್ನು ತಟ್ಟಿದ ಹೊಡೆತಕ್ಕೆ ಕೆಮ್ಮು ಬಂತು. ನುಂಗಿದೆ. ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪವೆಂದು ಸಾಹೇಬರು ತಿಳಿದರು.

ಕೊನೆಗೊಂದು ದಿನ ಬಾಯಿಯವರು, "ನೀವು ಬಹಳ ಮಹತ್ವದ ಮನಷ್ಯಾ ಇದ್ದೀರಿ. ನಮ್ಮ ಕಾಲೇಜಿಗೆ ಬರಬೇಕು. ದೊಡ್ಡ ಡಾಕ್ಟರರಿಗೆ ತೋರಸಬೇಕು" ಎಂದರು.

ಮಹತ್ವದ ಮನುಷ್ಯ! ಕೇಶ್ವಾಪುರದಿಂದ ಗೋಪನಕೊಪ್ಪದವರೆಗೆ ಆ ಮಾತು ಕೇಳದೆ ಉಳಿದ ಅಂಗಡಿ ಇರಲಿಲ್ಲ. ಮದುವೆಯ ರುಮಾಲು ತೆಗೆಸಿದೆ. ನನ್ನ ಹೆಂಡತಿ ಗಂಗವ್ವ ಅದನ್ನು ಜಾಡಿಸುತ್ತ ಕೇಳಿದಳು. "ದವಾಖಾನಿಗೆ ಹೊಂಟೀರೋ, ಬೀಗರ ಮನಿಗೋ? ನಿದ್ದ್ಯಾಗ ಕೊಳಲು ಊದಿದಂಗ ಎದಿ ಸುಂಯ್ ಅಂತೈತಿ, ಅದನ್ನೂ ಹೇಳ್ರಿ." ಹೆಣ್ಣುಮಕ್ಕಳಿಗೆ ವಿಜ್ಞಾನ ತಿಳಿಯದು ಎಂದು ಹೇಳಿ ಹೊರಟೆ. ಹೋಗುತ್ತಿದ್ದದ್ದು ಹೆಣ್ಣುಮಗಳ ಹತ್ತಿರವೇ ಎಂಬುದು ತಲೆಗೆ ಬರಲಿಲ್ಲ.

ಕಾಲೇಜಿನಲ್ಲಿ ಇಬ್ಬರು ದೊಡ್ಡ ಡಾಕ್ಟರರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬಾಗಿಲಲ್ಲಿ ಒಬ್ಬ ಮುದಿ ಸಿಪಾಯಿ. ಹೊತ್ತು ಮುಂಜಾನೆಯದು. ಆದ್ದರಿಂದ ರೂಢಿಯಂತೆ ಚಹಾ ಆರಿಸುವಷ್ಟು ಊದಿದೆ. ವತ್ಸಲಾಬಾಯಿಯವರು ಈ ಸಾರಿ ನನ್ನ ಜೊತೆ ಊದಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದರು.

"ಫಕೀರಪ್ಪನವರ, ಪಾಳಿ ಬಿಟ್ಟ ಮ್ಯಾಲೆ ಊದೂವಾಗ ನಿಮ್ಮ ಕಣ್ಣು ಕೆಂಪಾಗ್ತಾವ. ಮುಂಜಾನೆ ಯಾಕ ಆಗೂದಿಲ್ಲ?"

ನಾನು ರುಮಾಲು ಸರಿ ಮಾಡಿಕೊಂಡು, ದೊಡ್ಡವರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ. "ಅದು ಗರಡಿ ಮನಿ ಯುಕ್ತಿರಿ. ಮುಂಜಾನಿ ದಮ್ಮು ಉಳಿಸೂದು, ಆಮ್ಯಾಲ ತೋರ್ಸೂದು. ನಿಮಗ ತಿಳಿಯೂದಿಲ್ಲ ಬಿಡ್ರಿ."

ಬಾಯಿಯವರು ಮೇಜಿನ ಮೇಲೆ ತಲೆ ಇಟ್ಟರು. ಅಳುತ್ತಾರೆಂದು ಹೆದರಿದೆ. ಭುಜ ಕುಲುಕಿದ್ದು ನೋಡಿ ನಗುತ್ತಾರೆಂದು ತಿಳಿಯಿತು. "ಧೂಳು ಎದಿ ಹಿಂಡತದ ಅಂತ ನಾ ಎಲ್ಲಾರ ಮುಂದ ಹೇಳೂದು, ನೀವು ಬಂದು ಎದಿ ಹಿಗ್ಗಿಸಿ ನಿಲ್ಲೂದು! ನಿಮ್ಮ ಸಲುವಾಗಿ ನಾ ಪುಸ್ತಕ ಎಲ್ಲಾ ತಿರವಿ ಹಾಕೇನಿ ಮಹರಾಯರ," ಎಂದು ಕಣ್ಣು ಒರೆಸಿಕೊಂಡರು.

ಆಮೇಲೆ ನಗು ಬಿಟ್ಟು ಹತ್ತಿರ ಬಂದರು. ಎದೆಗೆ ಇಡುವ ನಳಿಕೆಯನ್ನು ನನ್ನ ಅಂಗಿಯೊಳಗೆ ಇಟ್ಟು, ಕಿವಿಯ ತುದಿಗಳನ್ನು ನನ್ನ ಕಿವಿಗೇ ಹಾಕಿದರು. "ಉಸರು ಬಿಡ್ರಿ. ಈಗರೆ ಖರೇ ಬಿಡ್ರಿ."

ಒಳಗೆ ಹಳೇ ಬಾಗಿಲೊಂದು ಗಾಳಿಗೆ ಅಲುಗುತ್ತಿತ್ತು. ಅದರ ಸಂದಿಯಿಂದ ಸಣ್ಣಗೆ ಸಿಳ್ಳು.

"ಇದು ಯಾರ್ದರಿ?" ಎಂದು ಕೇಳಿದೆ.

"ನಿಮ್ಮದ."

"ಇದು ಕೆಟ್ಟೈತಿ ಬಾಯಾರ. ಬ್ಯಾರೆ ತರಸ್ರಿ."

ಅವರು ಬಾಗಿಲ ಮುದಿ ಸಿಪಾಯಿಯನ್ನು ಕರೆದು ಅವನ ಎದೆಗೆ ಇಟ್ಟರು. ನನ್ನ ಕಿವಿಯಲ್ಲಿ ಬರೀ ಗಾಳಿ ಬಂದು ಹೋದ ಸದ್ದು. ಸಿಳ್ಳಿಲ್ಲ, ಬಾಗಿಲಿಲ್ಲ. ಆ ಮನುಷ್ಯ ನನ್ನ ತಂದೆಯ ವಯಸ್ಸಿನವನು, ಹಲ್ಲು ಕೂಡ ಇರಲಿಲ್ಲ. ಮತ್ತೆ ನನ್ನ ಎದೆಗೆ ಇಟ್ಟುಕೊಂಡೆ. ಗಂಗವ್ವ ಹೇಳಿದ ಕೊಳಲು ಅಲ್ಲೇ ಇತ್ತು.

"ಆ ಖಾತೆ ಬಿಡ್ರಿ," ಎಂದರು ಬಾಯಿಯವರು ಮೆಲ್ಲಗೆ. "ಇನ್ನೂ ತಡಾ ಆಗಿಲ್ಲ. ಹೋದದ್ದು ಪೂರಾ ಬರ್ತದ ಅಂತ ನಾ ಹೇಳೂದಿಲ್ಲ. ಇದ್ದದ್ದು ಉಳೀತದ. ಘಡಿ ಖಾತೆಗೆ ಹಾಕ್ರಿ ಅಂತ ನಾ ಬರದು ಕೊಡ್ತೇನಿ."

ಘಡಿ ಖಾತೆ ಎಂದರೆ ನೇಯ್ದ ಬಟ್ಟೆ ಮಡಿಸುವ ಜಾಗ. ಮುದುಕರು, ಬಾಣಂತನ ಮುಗಿಸಿ ಬಂದ ಹೆಣ್ಣುಮಕ್ಕಳು ಕೂತು ಮಾಡುವ ಕೆಲಸ. ಮುಕಾದಮನಾಗಬೇಕಾದವನು ಅಲ್ಲಿ ಪಂಜೆ ಮಡಿಸುತ್ತ ಕೂಡಬೇಕೇ? "ಸತ್ತರೂ ಹಿಂಜೂ ಖಾತ್ಯಾಗ ಸಾಯ್ತೇನ್ರಿ" ಎಂದೆ.

"ಸಾಯಲಿಕ್ಕೆ ನನ್ನ ಅಪ್ಪಣಿ ಬೇಕಾಗೂದಿಲ್ಲ. ಮಡಚಲಿಕ್ಕೆ ಚೀಟಿ ಬೇಕಾದ್ರ ಹೇಳ್ರಿ," ಎಂದರು. ಅವರು ಬಿರುಸಾಗಿ ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಮಾಬುಸಾಬ ಮರುವಾರವೇ ಚೀಟಿ ಬರೆಸಿಕೊಂಡು ಘಡಿ ಖಾತೆಗೆ ಹೋದ. ಅವನಿಗೆ ಮಾನದ ಕಾಟ ಇರಲಿಲ್ಲ. ನಾನು ಮಳೆಗಾಲ ಕಳೆಯುವವರೆಗೆ ಹಟ ಹಿಡಿದೆ. ಮುಕಾದಮಿಕೆಯೂ ಬಂತು. ಬಂದ ವಾರವೇ, ಖಾತೆಯ ಆ ತುದಿಯಲ್ಲಿ ಸಾಂಚೆ ನಿಲ್ಲಿಸಲು ಕೂಗಬೇಕಾಯಿತು. ಬಾಯಿ ತೆರೆದೆ. ದನಿಗೆ ಬೇಕಾದ ಗಾಳಿ ಒಳಗೆ ಇರಲಿಲ್ಲ. ಬಾಯಿ ತೆರೆದುಕೊಂಡು, ಕೈ ಎತ್ತಿಕೊಂಡು, ಗೊಂಬೆಯ ಹಾಗೆ ನಿಂತೆ. ಮಂದಿ ನಾನು ಆಕಳಿಸುತ್ತಿದ್ದೇನೆಂದು ತಿಳಿದರು. ಮುಂದಿನ ಸೋಮವಾರ ಬಾಯಿಯವರ ಮುಂದೆ ಹೋಗಿ, ಯಾರದೋ ಸುದ್ದಿ ಹೇಳುವವನಂತೆ ಗೋಡೆ ನೋಡುತ್ತ, "ಆ ಘಡಿ ಖಾತಿ ಚೀಟಿ..." ಎಂದೆ. ಅವರು ಗಡಿಯಾರದ ಪಟ್ಟಿಯ ಕೆಳಗಿನಿಂದ ಅದನ್ನು ಎಳೆದು ಕೊಟ್ಟರು. ಮಡಿಕೆ ಹರಿದು, ಬೆವರಿಗೆ ಅಕ್ಷರ ಮಾಸಿತ್ತು. ಎಂದಿನಿಂದ ಅಲ್ಲಿತ್ತೋ!

"ಮನ್ಯಾಗ ಒಂದ ಸೀರಿ ಘಡಿ ಮಾಡಿದವರಲ್ಲ, ಊರಿಗೆಲ್ಲ ಮಡಚಾಕ ಹೊಂಟಾರ," ಎಂದು ಗಂಗವ್ವ ನಕ್ಕಳು. ಮಾಬುಸಾಬ ಸರಿದು ಜಾಗ ಕೊಟ್ಟು, "ಬಾ ಪೈಲವಾನ, ಅಂಚಿಗೆ ಅಂಚು ಕೂಡಸೂದು ಕಲಿ" ಎಂದ. ಕಲಿಯಲು ನಾನು ತೆಗೆದುಕೊಂಡ ಕಾಲದಲ್ಲಿ ಮಂದಿ ಮೆಟ್ರಿಕ್ ಮುಗಿಸುತ್ತಾರೆ. ಸೋಮವಾರದ ಬಿಗತ ಮಾತ್ರ ಬಿಟ್ಟಿತು. ಸಿಳ್ಳು ಉಳಿಯಿತು, ಆದರೆ ಜೋರಾಗಲಿಲ್ಲ.

ಬಾಯಿಯವರ ಅಳತೆಯ ಕೆಲಸ ಮುಗಿಯಿತು. ನನ್ನ ಗರಡಿಯ ಊದುಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದರಂತೆ. ಹೆಚ್ಚು ಕಲಿಯಲು ಮುಂಬಯಿಗೆ ಹೊರಟರು. ಕಳಿಸಲು ನಾನು ಸ್ಟೇಶನ್ನಿಗೆ ಹೋದೆ. ಪುಸ್ತಕ ತುಂಬಿದ ಒಂದು ಟ್ರಂಕು ಇತ್ತು. ಹಮಾಲನನ್ನು ಕರೆದರು.

"ನಾ ಇರೂವಾಗ ಹಮಾಲ ಯಾಕ್ರಿ?"

"ಬ್ಯಾಡ ಫಕೀರಪ್ಪನವರ."

"ನೀವು ಸರೀರಿ."

ನನ್ನ ಮುಖ ನೋಡಿದರು, ಏನು ಕಂಡಿತೋ, ಹಮಾಲನನ್ನು ಕಳಿಸಿಬಿಟ್ಟರು. "ಹಂಗಾರ ಒಂದು ಹಿಡಿಕಿ ನನಗ," ಎಂದರು. ಗಾಡಿ ನಿಲ್ಲುವ ಆಚೆಯ ಕಟ್ಟೆಗೆ ಹೋಗಲು ಮೇಲಿನ ಸೇತುವೆ ಹತ್ತಬೇಕು. ಒಂದು ತುದಿಗೆ ನಾನು, ಒಂದು ತುದಿಗೆ ಅವರು. ಸ್ವಲ್ಪ ಹತ್ತಿದ್ದೆವು. ನನ್ನೊಳಗಿನ ಬಾಗಿಲು ಅಲುಗಲು ಹತ್ತಿತು. ಅಷ್ಟರಲ್ಲಿ ಅವರೇ, "ಅಯ್ಯ, ನಿಲ್ರಿ, ಟಿಕೀಟು!" ಎಂದು ಟ್ರಂಕು ಇಳಿಸಿ ಚೀಲ ಹುಡುಕಿದರು. ಸಾವಕಾಶ ಹುಡುಕಿದರು. ಸಿಕ್ಕಿತು ಎಂದರು. ಎತ್ತಿದೆವು. ಮೇಲೆ ಹೋದ ಮೇಲೆ ಮತ್ತೆ, "ಟಿಕೀಟು ಇಟ್ಟೆನೋ ಇಲ್ಲೋ?" ಮತ್ತೆ ಇಳಿಸಿದೆವು. ಇಳಿಯುವ ಮೆಟ್ಟಿಲಿನಲ್ಲಿ ಇನ್ನೊಮ್ಮೆ.

ನನಗೆ ಸಿಟ್ಟು ಬಂತು. ಉಸಿರು ತಿರುಗಿ ಬಂದಿದ್ದರಿಂದ ಬೈಯಲು ಅನುಕೂಲವೂ ಇತ್ತು. "ಇಷ್ಟ ಓದಿ ಏನ ಬಂತ್ರಿ ಬಾಯಾರ? ಟಿಕೀಟು ಜ್ವಾಕಿ ಮಾಡಾಕ ಬರೂದಿಲ್ಲ. ಮುಂಬಯ್ಯಾಗ ಹೆಂಗ ಬಾಳೇ ಮಾಡ್ತೀರಿ? ಸ್ವಲ್ಪ ಹುಷಾರ್ ಇರಬೇಕ್ರಿ ಮನಷ್ಯಾರು."

"ಹೌದ್ರಿ, ಹುಷಾರ್ ಇರ್ತೇನಿ," ಎಂದರು, ಬೈಸಿಕೊಂಡ ಹುಡುಗಿಯ ಹಾಗೆ.

ಗಾಡಿ ಹೊರಟಿತು. ಕಿಟಕಿಯಿಂದ ಗಲ್ಲ ಉಬ್ಬಿಸಿ, "ಊದ್ರಿ, ಇನ್ನೂ ಅದ!" ಎಂದು ಕೂಗಿ ಕೈ ಎತ್ತಿದರು. ಸೆರಗು ಜಾರಿ ಮುಂಗೈ ಕಂಡಿತು. ಟಿಕೀಟು ಗಡಿಯಾರದ ಪಟ್ಟಿಯ ಕೆಳಗಿತ್ತು. ಅದು ಇನ್ನೆಲ್ಲಿ ಇರುತ್ತದೆ? ಅವರನ್ನು ಅಷ್ಟು ಸೋಮವಾರ ನೋಡಿದ ನನಗೆ ತಿಳಿಯಬಾರದಿತ್ತೇ?

ಆಮೇಲೆ ಅವರನ್ನು ಕಾಣಲಿಲ್ಲ. ಅವತ್ತು ಮರಳಿ ಸೇತುವೆ ಹತ್ತಬೇಕಾಯಿತು, ಒಬ್ಬನೇ, ಬರಿಗೈಯಲ್ಲಿ. ನಡುವೆ ನಿಂತೆ. ಕೆಳಗಿನಿಂದ ಮಂದಿ ಹತ್ತಿ ಬರುತ್ತಿದ್ದರು. ನಾನು ಅಂಗಿಯ ಕಿಸೆಗೆ ಕೈ ಹಾಕಿ, ಏನೋ ಕಳೆದುಕೊಂಡವನಂತೆ ಸಾವಕಾಶ ಹುಡುಕಿದೆ. ಈಗಲೂ ಎತ್ತರ ಹತ್ತುವಾಗ ಹಾಗೇ ಹುಡುಕುತ್ತೇನೆ.